ಎಡಗಡೆ ಸೀಟು

ಜುಲೈ 7, ಸೋಮವಾರ

ವೇಮಗಲ್. ಮುತ್ಯಾಲಮ್ಮನವರ ಮನೆಯ ಹಿಂದಿನ ರೂಮು. ಒಂದು ಕಿಟಕಿ, ಒಂದು ಬಲ್ಬು, ಮೂಲೆಯಲ್ಲಿ ಅವರ ಟೊಮ್ಯಾಟೊ ಕ್ರೇಟುಗಳ ರಾಶಿ. ಕ್ರೇಟು ತೆಗೆಸಿಬಿಡ್ತೀನಿ ಅಂದರು. ಇರಲಿ ಬಿಡಿ ಅಂದೆ. ಖಾಲಿ ಗೋಡೆ ನೋಡುವುದಕ್ಕಿಂತ ವಾಸಿ.

ಇಲ್ಲಿಂದ ಫ್ಯಾಕ್ಟರಿಗೆ ನಡೆದೇ ಹೋಗಬಹುದು. ಮಾಲೂರಿನ ಮನೆಯಿಂದ ಕಂಪನಿ ಬಸ್ಸು ಹಿಡಿಯಬೇಕಾದರೆ ಕೋಳಿಗಿಂತ ಮುಂಚೆ ಏಳಬೇಕಿತ್ತು. ಕೇಳಿದವರಿಗೆಲ್ಲ ಇದೇ ಕಾರಣ ಹೇಳಿದ್ದೇನೆ.

ನಿಜವಾದ ಕಾರಣ ನಿನ್ನೆಯದು. ಶ್ರೀನಿವಾಸಪುರದ ಕಾರ್ ರ‍್ಯಾಲಿಯಲ್ಲಿ ನಮ್ಮ ಕಾರು ಮಾವಿನ ತೋಪಿನ ಪಕ್ಕದ ಹಳ್ಳಕ್ಕೆ ಇಳಿಯಿತು. ಅದೇನೂ ಹೊಸದಲ್ಲ. ಈ ಹನ್ನೆರಡು ವರ್ಷದಲ್ಲಿ ನಾವು ಇಳಿಯದ ಹಳ್ಳ ಈ ಜಿಲ್ಲೆಯಲ್ಲಿ ಉಳಿದಿಲ್ಲ. ಕಾಂತರಾಜ್ ಕಾರು ಓಡಿಸುತ್ತಾರೆ, ನಾನು ಎಡಗಡೆ ಸೀಟಿನಲ್ಲಿ ಕೂತು ದಾರಿ ಓದುತ್ತೇನೆ. (ಗಂಡನ ಹೆಸರು ಹಿಡಿದೇ ಬರೆಯುತ್ತೇನೆ. ಇದನ್ನು ಯಾರು ನೋಡುತ್ತಾರೆ.) ಬಲಕ್ಕೆ ತಿರುವು, ಮುಂದೆ ದಿಣ್ಣೆ, ದಿಣ್ಣೆ ಇಳಿದ ಕೂಡಲೇ ಎಡಕ್ಕೆ ಬಿಗಿ ತಿರುವು, ಹೀಗೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಹೇಳಬೇಕು. ಒಂದೇ ಒಂದು ರ‍್ಯಾಲಿಯನ್ನೂ ನಾವು ಕೊನೆ ಮುಟ್ಟಿಸಿಲ್ಲ. ಜನ ನಮಗೆ ಅರ್ಧದಾರಿ ಜೋಡಿ ಎಂದು ಹೆಸರಿಟ್ಟಿದ್ದಾರೆ. ಗೆದ್ದವರನ್ನು ಮುಂದಿನ ವಾರಕ್ಕೆ ಮರೆಯುವವರು ನಮ್ಮನ್ನು ಮಾತ್ರ ಮರೆಯುವುದಿಲ್ಲ. ನಾವು ಎಲ್ಲಿ ಕೆಡುತ್ತೇವೆ ಎಂದು ಲೆಕ್ಕ ಹಾಕಿ ಬದುವಿನ ಮೇಲೆ ಮೊದಲೇ ಜಾಗ ಹಿಡಿಯುತ್ತಾರೆ, ಕಡಲೆಕಾಯಿ ತಿನ್ನುತ್ತ ಕಾಯುತ್ತಾರೆ, ಕಾರು ಹಳ್ಳಕ್ಕಿಳಿದರೆ ಅವರೇ ಬಂದು ತಳ್ಳುತ್ತಾರೆ. ನಾನೂ ಅವರ ಜೊತೆ ನಗುತ್ತಿದ್ದೆ.

ನಿನ್ನೆ ನಗಲಾಗಲಿಲ್ಲ. ಹಳ್ಳ ಹತ್ತಿ ಮೇಲೆ ಬಂದ ಕೂಡಲೇ ರ‍್ಯಾಲಿ ಕ್ಲಬ್ಬಿನವರು ಸುತ್ತುಗಟ್ಟಿ ಏನಾಯ್ತು ಕಾಂತಣ್ಣ ಎಂದು ಕೇಳಿದರು. ಅವರು ಹೆಲ್ಮೆಟ್ಟು ತೆಗೆದು, ಮುಖದ ಧೂಳು ಒರೆಸಿಕೊಂಡು, ಅಷ್ಟೂ ಜನರೆದುರು ಹೇಳಿದರು.

"ಗಂಗಾ ಲೇಟಾಗಿ ಓದಿದ್ಲು."

ನಾನು ಬ್ಯಾಗು ತೆಗೆದುಕೊಂಡು ಕೋಲಾರದ ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತಮೇಲೆ ಪಕ್ಕದಾಕೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಹೆಲ್ಮೆಟ್ಟು ತಲೆಯ ಮೇಲೆಯೇ ಇತ್ತು.

ದಾರಿಯ ಹಾಳೆ ಬರೆದು ಬರೆದು ಅಭ್ಯಾಸವಾದ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಇದು. ಕೇಳಬೇಕಾದ್ದು ಒಂದೇ. ನಾನು ನಿಜವಾಗಿ ಲೇಟಾಗಿ ಓದಿದೆನಾ?

ಜುಲೈ 9, ಬುಧವಾರ

ಮೊದಲ ಪಾಳಿ. ಇಡೀ ದಿನ ಲೈನಿನಲ್ಲಿ ನಿಂತು ವೈರು ಜೋಡಿಸಿದೆ. ಬಂದು ಅಡುಗೆ ಮಾಡಿದರೆ ಇಬ್ಬರಿಗಾಗುವಷ್ಟು ಅನ್ನವಾಯಿತು.

ಫೋನು ಬರಲಿಲ್ಲ.

ಜುಲೈ 27, ಭಾನುವಾರ

ಕೋಲಾರಕ್ಕೆ ಹೋಗಿ ಒಂದು ಚಾಪೆ, ಒಂದು ಬಕೀಟು ತಂದೆ. ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ ಯಾವ ದೇವರ ಸ್ತೋತ್ರ ತಾಯಿ, ನಂಗೂ ಹೇಳ್ಕೊಡು ಅಂದಿತು. ಆಮೇಲೆ ಗೊತ್ತಾಯಿತು, ನನ್ನ ಬಾಯಿ ತನ್ನಷ್ಟಕ್ಕೆ ದಾರಿ ಓದುತ್ತಿತ್ತು. ಎಡಕ್ಕೆ ಉದ್ದ ತಿರುವು, ಹಂಪು, ಬಲಕ್ಕೆ ಸಣ್ಣದು. ಡ್ರೈವರಿಗೆ ಅದು ಬೇಕಿರಲಿಲ್ಲ. ಅವನ ಕಿವಿಯಲ್ಲಿ ಹಾಡು ಬರುತ್ತಿತ್ತು.

ರ‍್ಯಾಲಿಗೆ ಮೊದಲು ದಾರಿ ನೋಡಿಕೊಳ್ಳಲು ಒಂದು ಸಲ ನಿಧಾನವಾಗಿ ಬಿಡುತ್ತಾರೆ. ಅವರು ನೋಡುತ್ತ ಹೇಳುವುದು, ನಾನು ಬರೆದುಕೊಳ್ಳುವುದು. ಕೊನೆಯ ಹಾಳೆಯ ಕೊನೆಗೆ ಪ್ರತಿ ಸಲವೂ ಒಂದೇ ಮಾತು ಬರೆಯುತ್ತೇನೆ: ಕಮಾನು. ರ‍್ಯಾಲಿ ಮುಗಿಯುವ ಕಡೆ ಗಾಳಿ ತುಂಬಿ ನಿಲ್ಲಿಸುವ ದೊಡ್ಡ ಕಮಾನು. ಬರೆದಿದ್ದೇನೆಯೇ ಹೊರತು ಒಂದು ಸಲವೂ ಗಟ್ಟಿಯಾಗಿ ಓದಿಲ್ಲ. ಅಲ್ಲಿಯವರೆಗೆ ಹೋದರೆ ತಾನೆ.

ಆಗಸ್ಟ್ 3, ಭಾನುವಾರ

ಬೆಳಿಗ್ಗೆ ಮುತ್ಯಾಲಮ್ಮನವರ ಅಂಗಳದಲ್ಲಿ ಗಲಾಟೆ. ಟೊಮ್ಯಾಟೊ ಕಿತ್ತು ಕ್ರೇಟಿಗೆ ತುಂಬಿಯಾಗಿದೆ, ಅವರ ಟೆಂಪೊ ಓಡಿಸುವ ವೆಂಕಟ್ ಯಾರದೋ ಮದುವೆಗೆ ಹೋದವನು ಬಂದಿಲ್ಲ. ಕೋಲಾರದ ಮಂಡಿಯಲ್ಲಿ ಹರಾಜು ಯಾರಿಗೂ ಕಾಯುವುದಿಲ್ಲ. ಅವರು ಸೀದಾ ನನ್ನ ಬಾಗಿಲಿಗೆ ಬಂದರು.

"ಏಮ್ಮಾ ಗಂಗಾ, ರೇಸ್ ಕಾರಲ್ಲಿ ಅಷ್ಟ್ ವರ್ಷ ಕೂತಿದೀಯಂತೆ. ಈ ಗಾಡಿ ಒಂದ್ ಓಡ್ಸಕ್ ಬರಲ್ವಾ ನಿಂಗೆ?"

ಬರಲ್ಲ ಅಂದೆ. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷ ಗೇರಿನ ಪಕ್ಕ ಕೂತಿದ್ದೆ. ಅವರು ಯಾವಾಗ ಗೇರು ಹಾಕುತ್ತಾರೆ, ಯಾವಾಗ ಹಾಕಬಾರದಾಗಿತ್ತು, ಸದ್ದಿನಲ್ಲೇ ಹೇಳುತ್ತೇನೆ. ಬಲಗಡೆ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂತವಳಲ್ಲ. ನೀನು ಓದು, ನಾನು ಓಡಿಸ್ತೀನಿ ಅಂತಿದ್ದರು. ನಾನೂ ಕೇಳಲಿಲ್ಲ. ಕ್ಲಬ್ಬಿನಲ್ಲಿ ಬೇರೆ ಹೆಂಗಸರೇ ಇರಲಿಲ್ಲ, ಕೂರಿಸಿಕೊಂಡಿದ್ದೇ ದೊಡ್ಡದು ಅಂದುಕೊಂಡಿದ್ದೆ.

ಪಕ್ಕದ ಊರಿನ ಯಾರನ್ನೋ ಕರೆಸಿ ಕ್ರೇಟು ಕಳಿಸಿದರು. ಆಮೇಲೆ ಕಾಫಿ ಕೊಡುತ್ತಾ ಕಲ್ತ್ಕೋ ಅಂದರು.

ಆಗಸ್ಟ್ 24, ಭಾನುವಾರ

ಎಲ್ಎಲ್ ಬಂತು, ಕಲಿಯುವವರಿಗೆ ಕೊಡುವ ಲೈಸೆನ್ಸು. ಇಂಡಸ್ಟ್ರಿಯಲ್ ಏರಿಯಾದ ಹಿಂದೆ ಮನೆ ಏಳದ ಲೇಔಟು ಇದೆ. ಚರಂಡಿ ಇದೆ, ಕಂಬ ಇದೆ, ಮನುಷ್ಯರಿಲ್ಲ. ವೆಂಕಟ್ ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ಮದುವೆಗೆ ಹೋಗಿ ಬೈಸಿಕೊಂಡಿದ್ದಕ್ಕೆ ಪ್ರಾಯಶ್ಚಿತ್ತ ಅಂತಾನೆ. ಮೊದಲ ದಿನ ಟೆಂಪೊ ಹೆಜ್ಜೆಗೊಂದು ಸಲ ಆಫ್ ಆಯಿತು. ಕಂಬಕ್ಕೆ ಸ್ವಲ್ಪದರಲ್ಲಿ ತಪ್ಪಿತು. ಇವತ್ತು ಮೂರನೇ ಗೇರಿನವರೆಗೆ ಹೋದೆ.

ಓಡಿಸುವಾಗಲೂ ಓದುತ್ತಿದ್ದೇನೆ. ವೆಂಕಟ್ ತುಂಬ ಹೊತ್ತು ತಡೆದುಕೊಂಡು, ಅಕ್ಕಾ, ನನ್ ಜೊತೆನಾ ಮಾತಾಡ್ತಿರೋದು ಎಂದು ಕೇಳಿದ. ಅಲ್ಲ ಅಂದೆ. ಆಮೇಲೆ ಅವನು ಸ್ವಲ್ಪ ಬಾಗಿಲ ಕಡೆ ಸರಿದು ಕೂತ.

ಹೇಳಿದ ಮಾತು ಕೈಗೆ ಬರಲು ಒಂದು ಗಳಿಗೆ ಬೇಕು. ಅದು ಇವತ್ತು ತಿಳಿಯಿತು. ನನ್ನ ಬಾಯಿ ಎಡ ಎಂದ ಮೇಲೂ ನನ್ನದೇ ಕೈ ಯೋಚಿಸುತ್ತಿತ್ತು. ಹಾಗಾದರೆ ಶ್ರೀನಿವಾಸಪುರದಲ್ಲಿ ನಾನು ಇನ್ನೂ ಮುಂಚೆ ಓದಬೇಕಿತ್ತೋ ಏನೋ.

ಸೆಪ್ಟೆಂಬರ್ 14, ಭಾನುವಾರ

ಮುಳಬಾಗಿಲಿನ ರ‍್ಯಾಲಿ. ಕಾಂತರಾಜ್ ಮುಗಿಸಿದರು.

ಕ್ಲಬ್ಬಿನ ಗ್ರೂಪಿನಿಂದ ನಾನು ಇನ್ನೂ ಹೊರಗೆ ಬಂದಿಲ್ಲ, ಯಾರೂ ತೆಗೆದೂ ಇಲ್ಲ. ಅದರಲ್ಲಿ ಫೋಟೊ ಬಂತು. ಕಮಾನಿನ ಕೆಳಗೆ ನಮ್ಮ ಕೆಂಪು ಕಾರು, ಬಾನೆಟ್ಟಿನ ಮೇಲೆ ಹಾರ. ಎಡಗಡೆ ಸೀಟಿನಲ್ಲಿ ಕದಿರೇಶ್. ಅವರ ಚಿಕ್ಕಪ್ಪನ ಮಗ, ಮಾಲೂರಿನಲ್ಲಿ ಟೈರಿನ ಅಂಗಡಿ. ಇದು ಅವನ ಮೊದಲನೇ ರ‍್ಯಾಲಿ. ಕೊನೆಯಿಂದ ಮೂರನೆಯವರಾಗಿ ಬಂದರಂತೆ, ಆದರೂ ಗೆದ್ದವರಿಗಿಂತ ಹೆಚ್ಚು ಜನ ಇವರನ್ನೇ ಎತ್ತಿ ಕುಣಿದರಂತೆ. ಅರ್ಧದಾರಿ ಕಾಂತಣ್ಣ ಪೂರ್ತಿ ದಾರಿ ಬಂದ ಎಂದು ಯಾರೋ ಬರೆದಿದ್ದಾರೆ. ಕೆಳಗೆ ಒಬ್ಬ, ಎಡಗಡೆ ಸೀಟು ಬದಲಾಯಿಸಿದ್ದೇ ಬದಲಾಯಿಸಿದ್ದು, ದಾರಿ ಮುಗೀತು ಅಂದಿದ್ದಾನೆ. ಅದಕ್ಕೆ ನಗುವ ಮುಖಗಳ ಸಾಲು.

ನಾನೇ ಲೇಟಾಗಿ ಓದುತ್ತಿದ್ದೆ ಅಂತಾಯಿತು. ಒಂದು ದಿನವಲ್ಲ, ಹನ್ನೆರಡು ವರ್ಷ.

ಸೆಪ್ಟೆಂಬರ್ 15, ಸೋಮವಾರ

ರಜೆ ಹಾಕಿದೆ. ಮುತ್ಯಾಲಮ್ಮ ಸಾರು ಕೊಟ್ಟು ಹೋದರು. ಏನೂ ಕೇಳಲಿಲ್ಲ, ಪುಣ್ಯ.

ಸೆಪ್ಟೆಂಬರ್ 21, ಭಾನುವಾರ

ಲೇಔಟಿಗೆ ಹೋಗಲು ಮನಸ್ಸಿರಲಿಲ್ಲ. ವೆಂಕಟ್ ಬಂದು ಹಾರನ್ ಹೊಡೆಯುತ್ತಲೇ ಇದ್ದ. ಹೋದೆ. ರಿವರ್ಸ್.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಟೆಂಪೊ ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಕುಂಕುಮ ಇಟ್ಟಾಯಿತು. ಕುಂಬಳಕಾಯಿ ಒಡೆದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ವೆಂಕಟ್ ಹತ್ತಲು ಹೋದಾಗ ಮುತ್ಯಾಲಮ್ಮ ತಡೆದು, ಈ ಸಲ ಗಂಗಾ ತುಳಿಸಲಿ ಅಂದರು. ಹತ್ತಿದೆ. ನಾಲ್ಕೂ ನಿಂಬೆಹಣ್ಣು ಚಪ್ಪಟೆಯಾದವು, ಗಾಡಿ ಆಫ್ ಆಗಲಿಲ್ಲ.

ಆ ಹೊತ್ತಿಗೇ ಫೋನು. ಮೂರು ತಿಂಗಳ ಮೇಲೆ ಮೊದಲ ಸಲ ಅವರ ಹೆಸರು ಪರದೆಯ ಮೇಲೆ ಬಂತು. ಮೊದಲನೇ ರಿಂಗಿಗೇ ಎತ್ತಿದೆ, ಸುಳ್ಳು ಯಾಕೆ ಬರೆಯಲಿ. ಅವರು ಕೇಳಿದ್ದು ಪೂಜೆಯ ಗಂಟೆ ಎಲ್ಲಿದೆ ಎಂದು. ಅಟ್ಟದ ಮೇಲೆ, ಹಳೇ ಮಿಕ್ಸಿ ಡಬ್ಬದೊಳಗೆ ಅಂದೆ. ಸಿಕ್ತು ಅಂದರು. ಹಿಂದೆ ಟೆಲಿವಿಷನ್ ಸದ್ದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಇಡಲಿಲ್ಲ. ಆಮೇಲೆ ಅವರು ಸರಿ ಅಂದರು, ನಾನೂ ಸರಿ ಅಂದೆ.

ಅವರಿಗೆ ಮನೆಯಲ್ಲಿ ಗಂಟೆ ಹುಡುಕಿಕೊಡುವವರೂ ಇಲ್ಲ ಎಂದು ಸಂಜೆ ಅನ್ನಿಸಿತು. ನನಗೆ ಇಲ್ಲಿ ಗಂಟೆಯೇ ಇಲ್ಲ.

ನವೆಂಬರ್ 9, ಭಾನುವಾರ

ಲೈಸೆನ್ಸು ಬಂದ ಮೇಲೆ ಎರಡನೇ ಪಾಳಿಯ ವಾರಗಳಲ್ಲಿ ಮಂಡಿಗೆ ನಾನೇ ಹೋಗುತ್ತೇನೆ. ವೆಂಕಟ್ ಸುಖವಾಗಿ ನಿದ್ದೆ ಮಾಡುತ್ತಾನೆ. ಮೊದಮೊದಲು ಮಂಡಿಯ ಲೋಡರುಗಳು ಗಾಡಿ ಬದಿಗೆ ತಗೊಳ್ಳಿ, ಹಿಂದೆ ತಗೊಳ್ಳಿ ಎಂದು ನಾಲ್ಕು ಜನ ನಾಲ್ಕು ಕಡೆಯಿಂದ ದಾರಿ ಹೇಳುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ.

ಇವತ್ತು ಅಲ್ಲಿ ಚನ್ನರಾಯಪ್ಪನವರು ಸಿಕ್ಕರು. ಲಕ್ಕೂರಿನವರು, ಹಿಪ್ಪುನೇರಳೆ ಬೆಳೆಯುವವರು, ಕ್ಲಬ್ಬಿನ ಹಿರಿಯರು. ರ‍್ಯಾಲಿಯಲ್ಲಿ ಎಲ್ಲರೂ ಹೋದಮೇಲೆ ಒಂದು ಜೀಪು ಹೊರಡುತ್ತದೆ. ದಾರಿಯಲ್ಲಿ ಕೆಟ್ಟು ನಿಂತವರನ್ನು ಹತ್ತಿಸಿಕೊಂಡು ಬರುವ ಕೊನೆಯ ಜೀಪು. ಅದನ್ನು ಓಡಿಸುವುದು ಇವರೇ. ನಮ್ಮನ್ನು ಅವರು ಹತ್ತಿಸಿಕೊಂಡಷ್ಟು ಸಲ ಇನ್ಯಾರನ್ನೂ ಹತ್ತಿಸಿಕೊಂಡಿಲ್ಲ. ನೀರು ಕೊಡುತ್ತಿದ್ದರು, ಬುದ್ಧಿ ಹೇಳುತ್ತಿರಲಿಲ್ಲ.

ನಾನು ಟೆಂಪೊದಿಂದ ಇಳಿಯುವುದನ್ನು ನೋಡಿ ಅವರು ಅಲ್ಲೇ ನಿಂತರು. ಕಣ್ಣಿನ ಆಪರೇಶನ್ ಆಗಿದೆಯಂತೆ. ಡಿಸೆಂಬರಿನ ಟೇಕಲ್ ರ‍್ಯಾಲಿಗೆ ಜೀಪು ಓಡಿಸಲು ಜನ ಬೇಕು ಅಂದರು.

"ಹುಡುಗ್ರೆಲ್ಲ ಮುಂದೆ ಹೋಗೋಕೆ ಸಾಯ್ತಾರೆ ಕಣಮ್ಮ. ಕೊನೇಲಿ ಬರೋಕೆ ಒಬ್ಬನೂ ಒಪ್ಪಲ್ಲ."

ನನಗೆ ರ‍್ಯಾಲಿ ಸಾಕಾಗಿದೆ ಅಂದೆ. ಅವರು ತಲೆಯಾಡಿಸಿ ಹೋದರು. ಮಧ್ಯಾಹ್ನ ಫೋನು ಮಾಡಿ ಒಪ್ಪಿಕೊಂಡೆ. ಹೇಗಿದ್ದರೂ ಭಾನುವಾರ, ರಜೆ. ಬೇರೆ ಕಾರಣವೇನಿಲ್ಲ.

ಡಿಸೆಂಬರ್ 6, ಶನಿವಾರ

ಜೀಪು ಓಡಿಸಿ ನೋಡಿದೆ. ಸ್ಟೀರಿಂಗು ಭಾರ, ಎರಡನೇ ಗೇರು ಮೊಂಡು, ಉಳಿದಂತೆ ಒಳ್ಳೆಯದು. ನಾಳೆ ಹೊರಡುವವರ ಪಟ್ಟಿಯಲ್ಲಿ ಅವರ ಹೆಸರಿದೆ. ಜೊತೆಗೆ ಕದಿರೇಶ್ ಎಂದಿದೆ.

ಅವರು ಮುಗಿಸಲಿ. ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಮುಗಿಸಿದರೆ ನಾನು ಖಾಲಿ ಜೀಪಿನಲ್ಲಿ ಹಿಂದೆ ಬರುತ್ತೇನೆ, ಯಾರೂ ನನ್ನ ಕಡೆ ನೋಡುವುದಿಲ್ಲ, ಅಷ್ಟೇ ತಾನೆ.

ಡಿಸೆಂಬರ್ 7, ಭಾನುವಾರ

ಬರೆಯಲು ತುಂಬ ಇದೆ. ಒಂದೊಂದಾಗಿ ಬರೆಯುತ್ತೇನೆ.

ಲಕ್ಕೂರಿನ ಕಡೆಯಿಂದ ಹೊರಟು ನೀಲಗಿರಿ ತೋಪುಗಳ ನಡುವೆ ಸುತ್ತಿ ಟೇಕಲ್ ಬೆಟ್ಟದ ಬುಡದಲ್ಲಿ ಮುಗಿಯುವ ದಾರಿ. ಕಾರುಗಳೆಲ್ಲ ಒಂದೊಂದಾಗಿ ಹೋದವು. ಅವರ ಕೆಂಪು ಕಾರು ನನ್ನ ಮುಂದೆಯೇ ಹೋಯಿತು. ಹೆಲ್ಮೆಟ್ಟು ಇತ್ತು, ಅವರು ಆಚೀಚೆ ನೋಡಲಿಲ್ಲ. ಕೊನೆಯ ಕಾರು ಹೋದಮೇಲೆ ಚನ್ನರಾಯಪ್ಪನವರು ನನ್ನ ಕೈಗೆ ವಾಕಿಟಾಕಿ ಕೊಟ್ಟು ಜೀಪಿನ ಬೆನ್ನು ತಟ್ಟಿದರು.

ರ‍್ಯಾಲಿಯ ದಾರಿಯನ್ನು ನಾನು ಯಾವತ್ತೂ ನೋಡಿಯೇ ಇರಲಿಲ್ಲ. ಕಣ್ಣು ಹಾಳೆಯ ಮೇಲಿರುತ್ತಿತ್ತು, ಹಾಳೆಯ ಆಚೆ ಏನೋ ಹಾರಿ ಹೋಗುತ್ತಿತ್ತು. ಇವತ್ತು ನೋಡಿದೆ. ಕೆಂಪು ಮಣ್ಣು, ಬಿಳಿ ಕಾಂಡಗಳು, ಕೊಯ್ಲಾದ ರಾಗಿ ಹೊಲ, ಎದ್ದು ಹೊರಡುತ್ತಿದ್ದ ಜನ. ಕೊನೆಯ ಜೀಪು ಬಂತೆಂದರೆ ಅವರಿಗೆ ಆಟ ಮುಗಿದಂತೆ. ಬದುವಿನ ಮೇಲಿಂದ ಒಬ್ಬ ಮುದುಕ ನನ್ನನ್ನು ದಿಟ್ಟಿಸಿ ನೋಡಿ, ಪಕ್ಕದವನಿಗೆ ಅರ್ಧದಾರಿ ಗಂಗಮ್ಮ ಕಣೋ ಅಂದ. ಕೈ ಎತ್ತಿದೆ.

ನಾಲ್ಕನೇ ದಿಣ್ಣೆ ಇಳಿದರೆ ತೋಪಿನ ಅಂಚಿನಲ್ಲಿ ಕೆಂಪು ಕಾರು. ಮುಂದಿನ ಚಕ್ರ ಬಂಡೆಗೆ ಬಡಿದು ಒಳಗೆ ಮಡಚಿಕೊಂಡಿತ್ತು. ಕದಿರೇಶನ ಮಣಿಕಟ್ಟಿಗೆ ಏಟಾಗಿ ಆಂಬುಲೆನ್ಸಿನವರು ಆಗಲೇ ಕರೆದುಕೊಂಡು ಹೋಗಿದ್ದರು. ಕಾಂತರಾಜ್ ಒಬ್ಬರೇ ಬಂಡೆಯ ಮೇಲೆ ಕೂತಿದ್ದರು, ಕೈಯಲ್ಲಿ ದಾರಿಯ ಹಾಳೆಗಳು. ತಲೆಯ ಕೂದಲು ಬೆಳ್ಳಗಾಗಿರುವುದು ಅಷ್ಟು ದೂರದಿಂದಲೇ ಕಂಡಿತು.

ಎದ್ದು ಬಂದು ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದರು. ನಾನಿದ್ದೆ.

ಅವರು ನನ್ನ ಮುಖ ನೋಡಿದರು, ಸ್ಟೀರಿಂಗಿನ ಮೇಲಿದ್ದ ಕೈ ನೋಡಿದರು. ಬಾಗಿಲು ಮೆಲ್ಲಗೆ ಹಾಕಿ, ಜೀಪಿನ ಮುಂದಿನಿಂದ ಸುತ್ತಿ ಬಂದು ಎಡಗಡೆ ಕೂತರು. ನೀರಿನ ಬಾಟಲಿ ಕೊಟ್ಟೆ. ಚನ್ನರಾಯಪ್ಪನವರು ಕೊಡುತ್ತಿದ್ದ ಹಾಗೆ ಮಾತಾಡದೆ ಕೊಟ್ಟೆ.

ಸ್ವಲ್ಪ ದೂರ ಹೋದಮೇಲೆ ಅವರು ಶುರು ಮಾಡಿದರು.

"ಆ ಕದಿರೇಶ ಲೇಟಾಗಿ..."

ಅಷ್ಟಕ್ಕೇ ನಿಲ್ಲಿಸಿದರು. ನಾನು ಅವರ ಕಡೆ ತಿರುಗಲಿಲ್ಲ. ತಿರುಗುವ ಹಾಗಿರಲಿಲ್ಲ, ಮುಂದೆ ಕೊರಕಲು ದಾರಿ.

ಈ ದಾರಿ ನನಗೆ ಹೊಸದು, ಬಿಸಿಲು ಬೇರೆ ಕಣ್ಣಿಗೇ ಹೊಡೆಯುತ್ತಿತ್ತು. ಹಾಳೆ ಇದೆಯಲ್ಲ, ಓದ್ರಿ ಅಂದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಓದತೊಡಗಿದರು. ಎಡ ಅಂದಾಗ ನಾನು ಎಡ ತಿರುಗಿ ಮುಗಿಸಿದ್ದೆ. ದಿಣ್ಣೆ ಅಂದಾಗ ನಾವು ಅದನ್ನು ಇಳಿಯುತ್ತಿದ್ದೆವು. ಜೀಪು ಕುಲುಕಿದಾಗ ಸಾಲು ತಪ್ಪುತ್ತಿತ್ತು, ಬೆರಳಿಟ್ಟು ಹುಡುಕುವಷ್ಟರಲ್ಲಿ ಇನ್ನೊಂದು ತಿರುವು. ಗಾಬರಿಗೆ ಕನ್ನಡ ಹೋಗಿ ತೆಲುಗು ಬಂತು, ಅದೂ ತಡವಾಗಿಯೇ ಬಂತು. ನಾನು ಹೋಗುತ್ತಿದ್ದುದು ಎರಡನೇ ಗೇರಿನಲ್ಲಿ. ಅವರ ಬಲಗಾಲು ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನನ್ನ ಕಾಲೂ ಆ ಸೀಟಿನಲ್ಲಿ ಅದನ್ನೇ ಮಾಡುತ್ತಿತ್ತು.

ಒಂದು ಪುಟ ಹಿಂದಿದೀರಿ ಅಂದೆ. ಅವರು ಹಾಳೆ ತೊಡೆಯ ಮೇಲಿಟ್ಟರು.

"ಗಂಗಾ. ಶ್ರೀನಿವಾಸಪುರದಲ್ಲಿ ನೀನು ಲೇಟಾಗಿ ಓದ್ಲಿಲ್ಲ. ನಂಗ್ ಕೇಳಿಸ್ತು. ಸರಿಯಾಗೇ ಕೇಳಿಸ್ತು. ಇನ್ನೂ ಸ್ವಲ್ಪ ಹೋಗ್ಬೋದು ಅಂದ್ಕೊಂಡೆ."

ಐದು ತಿಂಗಳು ಈ ಮಾತಿಗಾಗಿ ಕಾದಿದ್ದೆ. ಕನಸಿನಲ್ಲಿ ಎಷ್ಟೋ ಥರ ಹೇಳಿಸಿದ್ದೆ, ಎಷ್ಟೋ ಥರ ಉತ್ತರ ಕೊಟ್ಟಿದ್ದೆ. ಆದರೆ ಅದು ಬಂದಾಗ ಎದುರಿಗೆ ತೋಪಿನ ನೆರಳು, ನೆರಳಿನೊಳಗೆ ದಾರಿ ಎರಡಾಗಿ ಒಡೆದಿತ್ತು.

"ಮುಂದಿಂದು ಓದ್ರಿ" ಅಂದೆ.

ಅವರು ಹಾಳೆ ಎತ್ತಿಕೊಂಡರು. "ಬಲಕ್ಕೆ" ಅಂದರು. ಅದೊಂದು ಮಾತ್ರ ಸಮಯಕ್ಕೆ ಬಂತು.

ಆಮೇಲೆ ಬೆಟ್ಟ ಕಂಡಿತು, ಬೆಟ್ಟದ ಬುಡದಲ್ಲಿ ಕಮಾನು. ಬಹುಮಾನ ಕೊಟ್ಟಾಗಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ಕೊನೆಯ ಜೀಪು ಬರುವವರೆಗೆ ಕಮಾನಿನ ಗಾಳಿ ಬಿಡಬಾರದೆಂದು ಕ್ಲಬ್ಬಿನ ಪದ್ಧತಿ, ಅದಕ್ಕಾಗಿ ಇಬ್ಬರು ಹುಡುಗರು ಮೋಟರಿನ ಪಕ್ಕ ಆಕಳಿಸುತ್ತ ಕಾಯುತ್ತಿದ್ದರು. ಕಾಂತರಾಜ್ ಕೊನೆಯ ಹಾಳೆ ತಿರುಗಿಸಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಕ್ಷರ ಕದಿರೇಶನದು, ಮಾತು ಮಾತ್ರ ನಾನು ಪ್ರತಿ ಸಲ ಬರೆಯುತ್ತಿದ್ದದ್ದೇ. ಹಾಳೆಯನ್ನು ನನಗೆ ಕಾಣುವ ಹಾಗೆ ಸ್ಟೀರಿಂಗಿನ ಪಕ್ಕ ಹಿಡಿದರು.

"ಇದು ನೀನೇ ಓದು."

ಗಟ್ಟಿಯಾಗಿಯೇ ಓದಿದೆ. ಕಮಾನು. ಓದಿದ ಮೇಲೆ ಅದರ ಕೆಳಗೆ ಹೋದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಗಾಳಿ ಬಿಡುವ ಸದ್ದು ಬಂತು.

ಇಳಿದ ಮೇಲೆ ಅವರು ಮನೆಗೆ ಬರ್ತೀಯಾ ಎಂದು ಕೇಳಿದರು. ನಾಳೆ ಎರಡನೇ ಪಾಳಿ, ಬೆಳಿಗ್ಗೆ ಮಂಡಿ ಇದೆ ಅಂದೆ. ಅದು ನಿಜವೇ. ಅವರು ಎಳೆದು ತಂದ ಕಾರಿನ ಕಡೆ ಹೋದರು. ಹೋಗುವಾಗ ಬಗ್ಗಿದ ಬೆನ್ನು ನೋಡಿ ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಚನ್ನರಾಯಪ್ಪನವರಿಗೆ ಕೀ ಕೊಟ್ಟು ಬಸ್ಸು ಹತ್ತಿದೆ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಕೂತವಳಿಗೆ ನಿದ್ದೆ ಬಂದುಬಿಟ್ಟಿತು. ವೇಮಗಲ್ ದಾಟಿದ್ದೂ ಗೊತ್ತಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ.

ಮುತ್ಯಾಲಮ್ಮ ಬಾಗಿಲಲ್ಲೇ ಇದ್ದರು. ಗೆದ್ದವರು ಯಾರು ಎಂದು ಕೇಳಿದರು. ನಾನು ವಿಚಾರಿಸಿಯೇ ಇರಲಿಲ್ಲ.

ಡಿಸೆಂಬರ್ 10, ಬುಧವಾರ

ಬೆಳಿಗ್ಗೆ ಮಂಡಿಗೆ ಹೋಗುವಾಗ ಫೋನು. ಗಾಡಿ ಬದಿಗೆ ಹಾಕಿ ಎತ್ತಿದೆ.

"ಕದಿರೇಶ ಇನ್ಮೇಲೆ ಬರಲ್ವಂತೆ ಗಂಗಾ. ಎಡಗಡೆ ಸೀಟು ಖಾಲಿ ಇದೆ."

ನನ್ನ ಎಡಗಡೆ ನೋಡಿದೆ. ಒಂದು ಖಾಲಿ ಕ್ರೇಟು ಕೂತಿತ್ತು.

"ನಂದೂ ಖಾಲಿ ಇದೆ ರೀ" ಅಂದೆ.

ಅವರು ಫೋನು ಇಟ್ಟುಬಿಟ್ಟರೇನೋ ಅಂದುಕೊಂಡೆ. ಆಮೇಲೆ, ಭಾನುವಾರ ಮಂಡಿಗೆ ಎಷ್ಟೊತ್ತಿಗೆ ಹೊರಡ್ತೀಯ ಎಂದು ಕೇಳಿದರು. ಹೇಳಿದೆ.

ಇವತ್ತು ರೇಟು ಚೆನ್ನಾಗಿತ್ತು. ಬರುವಾಗ ಎಡಗಡೆ ಸೀಟಿನ ಕ್ರೇಟು ತೆಗೆದು ಹಿಂದಕ್ಕೆ ಹಾಕಿದೆ.